ಗಂಗಾಧರಯ್ಯ ಮೇಷ್ಟ್ರ ಗಂಟಲು

ಅರೆಕೆರೆಯ ಪಕ್ಕದ ಹುಣಸೆಪಾಳ್ಯದಲ್ಲಿ ಗಡಿಯಾರ ಇದ್ದದ್ದು ಪಟೇಲ ಚಿಕ್ಕಬೈರಪ್ಪನವರ ಮನೆಯಲ್ಲಿ ಮಾತ್ರ. ಅದು ಓಡುತ್ತಿರಲಿಲ್ಲ. ಇದರಿಂದ ಊರಿಗೆ ತೊಂದರೆಯೇನೂ ಆಗಿರಲಿಲ್ಲ. ಯಾಕೆಂದರೆ ಊರಿಗೆ ಗಂಗಾಧರಯ್ಯ ಮೇಷ್ಟ್ರು ಇದ್ದರು.

ಕೆರೆ ಏರಿಯ ಕೆಳಗೆ, ಹೊಂಗೆಮರದ ಪಕ್ಕ, ಹೆಂಚು ಹೊದಿಸಿದ ಒಂದೇ ಕೋಣೆಯ ಶಾಲೆ. ಇಡೀ ಶಾಲೆಗೆ ಒಬ್ಬರೇ ಮೇಷ್ಟ್ರು. ಬೆಳಿಗ್ಗೆ ಅವರು ಪ್ರಾರ್ಥನೆ ಹೇಳಿಸಿದರೆ ಹೊಲದಲ್ಲಿದ್ದವರು ಎತ್ತಿಗೆ ನೀರು ಕುಡಿಸುತ್ತಿದ್ದರು. ಎರಡರ ಮಗ್ಗಿ ಶುರುವಾದರೆ ಮನೆಯಲ್ಲಿ ಹೆಂಗಸರು ಒಲೆಯ ಮೇಲೆ ಎಸರಿಡುತ್ತಿದ್ದರು. ಮಗ್ಗಿ ಹತ್ತಕ್ಕೆ ಬಂತೆಂದರೆ ಮುದ್ದೆ ಕಟ್ಟಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೊಲದ ಕಡೆ ಹೊರಡುತ್ತಿದ್ದರು. ಮಧ್ಯಾಹ್ನದ ಮೇಲೆ ಪ್ರಭವ, ವಿಭವ ಎಂದು ಸಂವತ್ಸರಗಳ ಹೆಸರು ಮುಗಿದು ಅಶ್ವಿನಿ, ಭರಣಿ ಎಂದು ನಕ್ಷತ್ರಗಳು ಶುರುವಾದರೆ ದನ ಹೊಡೆದುಕೊಂಡು ಬರುವ ಹೊತ್ತು. ಮೇಷ್ಟ್ರು ಒಂದು ಸಾಲು ಕೂಗುವುದು, ಮಕ್ಕಳು ಅದೇ ಸಾಲನ್ನು ಹಿಂತಿರುಗಿ ಕೂಗುವುದು. ಮೇಷ್ಟ್ರ ಸಾಲು ಕೆರೆಯ ಆಚೆ ದಡದವರೆಗೂ ಹೋಗುತ್ತಿತ್ತು. ಮಕ್ಕಳದು ಅರ್ಧ ಕೆರೆ ದಾಟುತ್ತಿತ್ತು.

ಆ ಗಂಟಲನ್ನು ಊರು ಪರೀಕ್ಷೆ ಮಾಡಿಯೇ ತೆಗೆದುಕೊಂಡಿತ್ತು. ಅವರಿಗಿಂತ ಮುಂಚೆ ಇದ್ದ ಮೇಷ್ಟ್ರು ಮೆತ್ತಗೆ ಮಾತಾಡುವವರು. ಆ ಮನುಷ್ಯ ಊರಿಗೆ ಬಂದಿದ್ದಾರೋ ಇಲ್ಲವೋ ಎನ್ನುವುದು, ಅವರು ವರ್ಗವಾಗಿ ಹೋದ ಮೇಲೂ ಕೆಲವರಿಗೆ ಖಚಿತವಾಗಿರಲಿಲ್ಲ. ಹಾಗಾಗಿ ಗಂಗಾಧರಯ್ಯ ಟ್ರಂಕು ಹಿಡಿದು ಬಂದ ದಿನ ಚಿಕ್ಕಬೈರಪ್ಪನವರು ಅವರನ್ನು ಅರಳಿಕಟ್ಟೆಯ ಮೇಲೆ ನಿಲ್ಲಿಸಿ, ಒಬ್ಬ ಆಳನ್ನು ಕೆರೆ ಏರಿಗೆ ಕಳಿಸಿದ್ದರು.

"ಏನಾರ ಹೇಳಿ ಮೇಷ್ಟ್ರೇ. ಅವ್ನು ಟವೆಲ್ ಎತ್ತಿದ್ರೆ ಕೇಳಿಸ್ತು ಅಂತ."

ಗಂಗಾಧರಯ್ಯ ಏಳರ ಮಗ್ಗಿ ಹೇಳಿದರು. ಏರಿಯ ಮೇಲಿದ್ದವನು ಟವೆಲ್ ಎತ್ತಿದ. ಆಚೆ ದಡದಲ್ಲಿ ಎಮ್ಮೆ ತೊಳೆಯುತ್ತಿದ್ದ ಬೈರಣ್ಣನೂ, ಯಾರೂ ಕೇಳದಿದ್ದರೂ, ಟವೆಲ್ ಎತ್ತಿದ. ಮೇಷ್ಟ್ರಿಗೆ ಶಾಲೆಯ ಹಿಂದಿನ ಮನೆಯ ಬೀಗದಕೈ ಸಿಕ್ಕಿತು.

ಹೆಂಡತಿ ಲಕ್ಷ್ಮಿದೇವಮ್ಮನವರಿಗೆ ಮಾತ್ರ ಈ ಗಂಟಲಿನ ಬಗ್ಗೆ ಅಷ್ಟೇನೂ ಹೆಮ್ಮೆ ಇರಲಿಲ್ಲ. ಊಟಕ್ಕೆ ಕೂತು ಗಂಡ ಉಪ್ಪು ಕೇಳಿದರೆ ಎಷ್ಟೋ ಸಲ ಪಕ್ಕದ ಮನೆಯವರು ತಂದುಕೊಡುತ್ತಿದ್ದರು.

ಹೀಗೆ ಹತ್ತು ಹನ್ನೆರಡು ವರ್ಷ ನಡೆಯಿತು. ಐವತ್ತೊಂಬತ್ತನೇ ಇಸವಿಯ ಶಿವರಾತ್ರಿಯ ಹೊತ್ತಿಗೆ ಗಂಟಲು ಕೆಡತೊಡಗಿತು. ಮೊದಲು ಉರಿ, ಆಮೇಲೆ ಕೆರೆತ, ಆಮೇಲೆ ಮಾತಿನ ಮಧ್ಯದಲ್ಲಿ ಸ್ವರವೇ ಮಾಯ. ಶುಂಠಿ, ಮೆಣಸು, ಜ್ಯೇಷ್ಠಮಧು ಎಲ್ಲ ಆಯಿತು. ಕೊನೆಗೆ ಸೈಕಲ್ ತುಳಿದುಕೊಂಡು ಪೇಟೆಯ ಡಾಕ್ಟರ ಹತ್ತಿರ ಹೋದರು. ಡಾಕ್ಟರು ನಾಲಿಗೆ ಹಿಡಿದೆಳೆದು, ಒಳಗೆ ಪುಟ್ಟ ಕನ್ನಡಿ ಇಟ್ಟು ನೋಡಿದರು.

"ಗಂಟಲಲ್ಲಿ ಗಂಟಾಗಿದೆ. ಏನ್ ಕೆಲಸ ನಿಮ್ದು?"

"ಮೇಷ್ಟ್ರು ಸಾರ್."

"ಕೂಗ್ಬೇಡಿ."

"ಮೇಷ್ಟ್ರು ಸಾರ್," ಎಂದರು ಗಂಗಾಧರಯ್ಯ, ಡಾಕ್ಟರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡು.

"ಗೊತ್ತಾಯ್ತು ಕಣ್ರೀ. ಒಂದು ವರ್ಷ ಕೂಗಂಗಿಲ್ಲ. ಕೂಗಿದ್ರೆ ಈಗ ಇರೋ ಸ್ವರಾನೂ ಹೋಗುತ್ತೆ. ಹೋದ್ರೆ ವಾಪಸ್ ಬರಲ್ಲ."

ಬನ್ನೇರುಘಟ್ಟ ರಸ್ತೆಯಲ್ಲಿ ಸೈಕಲ್ ತಳ್ಳಿಕೊಂಡೇ ಬಂದರು. ಜಮೀನಿಲ್ಲ, ಬೇರೆ ಕಸುಬು ಗೊತ್ತಿಲ್ಲ, ಇರುವ ಮನೆಯೂ ಮೇಷ್ಟ್ರು ಎನ್ನುವ ಕಾರಣಕ್ಕೆ ಸಿಕ್ಕಿದ್ದು. ಕೂಗಿದರೆ ಗಂಟಲು ಹೋಗುತ್ತದೆ, ಗಂಟಲು ಹೋದರೆ ಕೆಲಸ ಹೋಗುತ್ತದೆ. ಕೂಗದಿದ್ದರೆ ಕೆಲಸ ನೇರವಾಗಿಯೇ ಹೋಗುತ್ತದೆ. ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೆ ಪಿಸುಮಾತಿನಲ್ಲಿ ಹೇಳಿದರು.

"ಉಪ್ಪು ನಾನೇ ಕೊಡ್ತೀನಿ ಬಿಡಿ ಇನ್ಮೇಲೆ," ಎಂದರು ಲಕ್ಷ್ಮಿದೇವಮ್ಮ.

ಬೇಸಿಗೆ ರಜ ಹತ್ತಿರದಲ್ಲೇ ಇತ್ತು, ಅಲ್ಲಿಯವರೆಗೆ ಇರುವ ಸ್ವರದಲ್ಲೇ ಹೇಗೋ ಕೂಗಿಕೊಂಡು ದೂಡಿದರು. ಅದೇ ತಿಂಗಳು ಜಯನಗರದಿಂದ ಒಂದು ಜಟಕಾ ಬಂತು. ಅದರಿಂದ ವಾರಿಜಾ ಅವರು ಇಳಿದರು.

ಜಯನಗರ ಆಗಿನ್ನೂ ಹೊಸದು. ರಸ್ತೆಗಳು ಬಂದಿದ್ದವು, ಮನೆಗಳು ಒಂದೊಂದಾಗಿ ಬರುತ್ತಿದ್ದವು. ಬಸವನಗುಡಿಯಲ್ಲಿ ಹುಟ್ಟಿ ಬೆಳೆದು, ಸ್ವಲ್ಪ ಕಾಲ ಹೈಸ್ಕೂಲಿನಲ್ಲಿ ಪಾಠ ಹೇಳಿ ಆ ಕೆಲಸ ಬಿಟ್ಟಿದ್ದ ವಾರಿಜಾ ಹೊಸ ಮನೆಗೆ ಬಂದಮೇಲೆ ಅಕ್ಕಪಕ್ಕದ ನಾಲ್ಕೈದು ಹೆಂಗಸರನ್ನು ಸೇರಿಸಿ 'ನೆರೆಯೂರ ಬಳಗ' ಎಂದು ಮಾಡಿಕೊಂಡಿದ್ದರು. ಹೆಂಗಸರ ಬಳಗಗಳು ಹೊಲಿಗೆ ಕಲಿಸುತ್ತಿದ್ದ ಕಾಲ ಅದು. ವಾರಿಜಾ ಅವರಿಗೆ ಹೊಲಿಗೆ ಬರುತ್ತಿರಲಿಲ್ಲ. ಸುತ್ತಲ ಹಳ್ಳಿಗಳ ಮೇಷ್ಟ್ರುಗಳನ್ನು ಬೇಸಿಗೆ ರಜದಲ್ಲಿ ಒಂದು ಕಡೆ ಕೂಡಿಸಿ ಹೊಸ ರೀತಿಯ ಪಾಠ ಹೇಳಿಕೊಡುವುದೆಂದು ತೀರ್ಮಾನಿಸಿ, ಊರೂರಿಗೂ ಜಟಕಾದಲ್ಲಿ ಹೋಗಿ ಕರೆಯುತ್ತಿದ್ದರು. ರಜದಲ್ಲಿ ಮತ್ತೆ ಶಾಲೆ ಎಂದರೆ ಮೇಷ್ಟ್ರುಗಳು ಹಿತ್ತಲ ಬಾಗಿಲಿನಿಂದ ಹೊರಟುಹೋಗುತ್ತಿದ್ದರು.

ಶಾಲೆಯ ಬಾಗಿಲಲ್ಲಿ ನಿಂತು ವಾರಿಜಾ ಹೇಳಿದರು:

"ಗಂಗಾಧರಯ್ಯನವರೇ, ಮಕ್ಕಳ ಮೇಲೆ ಕೂಗ್ಲೇಬಾರ್ದು! ಕೂಗ್ದೇನೇ ಪಾಠ ಹೇಳ್ಬಹುದು!"

ಏರಿಯ ಮೇಲೆ ಮೇಯುತ್ತಿದ್ದ ದನಗಳು ತಲೆಯೆತ್ತಿ ನೋಡಿದವು. ಗಂಗಾಧರಯ್ಯನವರು ಅಷ್ಟು ದೊಡ್ಡ ಸ್ವರವನ್ನು ತಮ್ಮದಲ್ಲದೆ ಬೇರೆ ಯಾರಲ್ಲೂ ಕೇಳಿರಲಿಲ್ಲ. ಆದರೆ ಮಾತು ಮಾತ್ರ ಅವರಿಗೆ ಬೇಕಾದದ್ದೇ ಆಗಿತ್ತು.

"ಬರ್ತೀನಿ ಅಮ್ಮಾವ್ರೇ," ಎಂದರು.

"ಏನಂದ್ರಿ?"

"ಬರ್ತೀನಿ ಅಂದೆ."

ತರಬೇತಿ ನಡೆದದ್ದು ವಾರಿಜಾ ಅವರ ಮನೆಯ ಕಾರ್ ಶೆಡ್ಡಿನಲ್ಲಿ. ಕಾರು ಇರಲಿಲ್ಲ. ಮುಂದೆ ಬಂದರೆ ಇರಲಿ ಎಂದು ಅವರ ಯಜಮಾನರು ಸೇತುರಾಮ ಕಟ್ಟಿಸಿದ್ದರು. ಸಾರಕ್ಕಿ, ಬಿಳೇಕಹಳ್ಳಿ, ಸುದ್ದಗುಂಟೆಪಾಳ್ಯ, ಹುಳಿಮಾವು, ಎಲ್ಲ ಕಡೆಯ ಮೇಷ್ಟ್ರುಗಳೂ ಚಾಪೆಯ ಮೇಲೆ ಮಕ್ಕಳ ಹಾಗೆ ಕೂತರು. ಹುಣಸೆಬೀಜದಲ್ಲಿ ಕೂಡುವುದು, ಕಳೆಯುವುದು. ದಾರ ಹಿಡಿದು ಗೋಡೆ ಅಳೆಯುವುದು. ತೆಂಗಿನ ಚಿಪ್ಪಿನಲ್ಲಿ ತಕ್ಕಡಿ ಮಾಡುವುದು. ಒದ್ದೆ ಮಣ್ಣಿನಲ್ಲಿ ಮೈಸೂರು ರಾಜ್ಯದ ನಕ್ಷೆ ಮಾಡಿ, ಉಗುರಿನಲ್ಲಿ ಕಾವೇರಿ ಎಳೆದು, ಚೊಂಬಿನಿಂದ ನೀರು ಹರಿಸುವುದು. ಮೊದಲ ದಿನ ಕಾವೇರಿ ಉಕ್ಕಿ ಸುದ್ದಗುಂಟೆಪಾಳ್ಯದ ಮೇಷ್ಟ್ರ ಪಂಚೆಗೆ ಹರಿಯಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಮೌನ. ಬಲಗೈ ಎತ್ತಿದರೆ ಎಲ್ಲರೂ ನೋಡಬೇಕು. ಸ್ಲೇಟು ತಟ್ಟಿದರೆ ಗುಂಪು ಬದಲಾಯಿಸಬೇಕು.

"ಮೇಷ್ಟ್ರ ಸ್ವರ ಮೂರನೇ ಸಾಲಿನಿಂದ ಆಚೆ ಹೋಗ್ಬಾರ್ದು!" ಎಂದು ವಾರಿಜಾ ಹೇಳಿದರೆ, ಎದುರು ಮನೆಯವರು ಕಿಟಕಿ ತೆಗೆದು "ನಮ್ಗೇನಾದ್ರೂ ಹೇಳಿದ್ರಾ?" ಎಂದು ಕೇಳುತ್ತಿದ್ದರು.

ಸೇತುರಾಮ ಅವರು ಹನ್ನೊಂದು ಗಂಟೆಗೆ ಕಾಫಿ ತಂದಿಟ್ಟು, ಒಂದು ಮಾತೂ ಆಡದೆ, ಬಲಗೈ ಎತ್ತಿ ತೋರಿಸಿ ಹೋಗುತ್ತಿದ್ದರು. ಈ ವಿಧಾನ ಅತ್ಯಂತ ಚೆನ್ನಾಗಿ ಹಿಡಿದದ್ದು ಅವರಿಗೇ ಎಂದು ಮೇಷ್ಟ್ರುಗಳು ಒಪ್ಪಿಕೊಂಡರು.

ಜೂನಿನಲ್ಲಿ ಶಾಲೆ ತೆಗೆಯಿತು. ಗಂಗಾಧರಯ್ಯ ಬಲಗೈ ಎತ್ತಿ ನಿಂತರು. ಮೇಷ್ಟ್ರಿಗೆ ಏನೋ ಆಗಿದೆ ಎಂದು ಮಕ್ಕಳು ಒಂದೆರಡು ದಿನ ಹೆದರಿದರು. ಆಮೇಲೆ ಹುಣಸೆಬೀಜ ಬಂತು, ದಾರ ಬಂತು, ಚಿಪ್ಪಿನ ತಕ್ಕಡಿ ಬಂತು. ಗುಂಪು ಗುಂಪಾಗಿ ಕೂತು ತಲೆ ತಗ್ಗಿಸಿ ಕೆಲಸ ಮಾಡತೊಡಗಿದರು. ಮೂರು ವರ್ಷದಿಂದ ಎರಡನೇ ಕ್ಲಾಸಿನಲ್ಲೇ ಕೂತಿದ್ದ ಬೈರಣ್ಣನ ಮಗಳು ಒಂದು ಮಧ್ಯಾಹ್ನ ಬೀಜಗಳನ್ನು ಸರಿಸಿ, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಮಾಡಿ, ಯಾರಿಗೂ ಹೇಳದೆ ಮುಂದಿನ ಲೆಕ್ಕಕ್ಕೆ ಹೋದಳು. ಗಂಗಾಧರಯ್ಯ ಹಿಂದೆ ನಿಂತು ನೋಡಿದರು. ಈ ಹುಡುಗಿಯ ಕಿವಿಯ ಪಕ್ಕದಲ್ಲಿ ಮೂರು ವರ್ಷ ಕೂಗಿದ್ದು ನೆನಪಾಯಿತು. ಗಂಟಲು ಉಳಿಸಿಕೊಳ್ಳಲು ಹಿಡಿದ ದಾರಿಯನ್ನು ಗಂಟಲು ವಾಸಿಯಾದರೂ ಬಿಡಬಾರದು ಎಂದು ಅವರಿಗೆ ಆಗ ಅನ್ನಿಸಿತು.

ಹೊರಗೆ ಊರು ಹದಗೆಟ್ಟಿತ್ತು.

ಎರಡರ ಮಗ್ಗಿ ಕೇಳಿಸದ್ದರಿಂದ ಎಸರು ಇಡುವ ಹೊತ್ತು ತಪ್ಪಿತು. ಹತ್ತರ ಮಗ್ಗಿ ಕೇಳಿಸದ್ದರಿಂದ ಮುದ್ದೆ ಹೊಲಕ್ಕೆ ಒಂದು ದಿನ ಬಹಳ ಬೇಗ ಬಂತು, ಮಾರನೆಯ ದಿನ ಬರಲೇ ಇಲ್ಲ. ಹೊಟ್ಟೆ ಹಸಿದು ಮನೆಗೆ ಹೋದ ಬೈರಣ್ಣನಿಗೂ, ಬುಟ್ಟಿ ಹೊತ್ತು ಹೊಲಕ್ಕೆ ಹೋದ ಅವನ ಹೆಂಡತಿಗೂ ಮಧ್ಯೆ ಎಲ್ಲೂ ಭೇಟಿಯಾಗಲಿಲ್ಲ. ಸಂಜೆ ಆದ ಭೇಟಿ ಚೆನ್ನಾಗಿರಲಿಲ್ಲ. ದನಗಳು ಮಾತ್ರ ನಕ್ಷತ್ರ ಕೇಳದಿದ್ದರೂ ಸರಿಯಾದ ಹೊತ್ತಿಗೆ ತಾವೇ ಬರುತ್ತಿದ್ದವು.

ಚಿಕ್ಕಬೈರಪ್ಪನವರು ಶಾಲೆಯ ಬಾಗಿಲಿಗೆ ಬಂದು ಇಣುಕಿದರು.

"ಮೇಷ್ಟ್ರೇ, ಐಕ್ಳೆಲ್ಲ ಮಲ್ಗವೋ?"

"ಇಲ್ಲ ಪಟೇಲ್ರೇ, ಓದ್ತಾ ಇದಾರೆ."

"ಓದ್ತಾ ಇದ್ರೆ ಸದ್ದೆಲ್ಲಿ?"

"ಮನಸ್ಸಲ್ಲಿ ಓದ್ತಾ ಇದಾರೆ."

ಪಟೇಲರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಮನಸ್ಸಲ್ಲಿ ನಾನೂ ಹೊಲ ಉತ್ತೀನಿ," ಎಂದು ಹೊರಟುಹೋದರು.

ಬೈರಣ್ಣ ಸಂತೆಯಲ್ಲಿ ಸಿಕ್ಕಿದವರಿಗೆಲ್ಲ ನಮ್ಮೂರ ಶಾಲೆ ನಿಂತುಹೋಯಿತು ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು. ಆ ಮಾತು ಸ್ಕೂಲ್ ಇನ್ಸ್‌ಪೆಕ್ಟರ್ ಮರುಳಸಿದ್ದಪ್ಪನವರ ಕಿವಿಗೆ ಬಿತ್ತು. ಅವರು ಪ್ಯಾಂಟಿಗೆ ಕ್ಲಿಪ್ಪು ಹಾಕಿಕೊಂಡು ಸೈಕಲ್ಲಿನಲ್ಲಿ ಬಂದರು. ಇಪ್ಪತ್ತು ವರ್ಷದಿಂದ ಶಾಲೆ ನೋಡುತ್ತಿದ್ದ ಮನುಷ್ಯ. ಯಾವ ಊರಿಗೆ ಹೋದರೂ ಏರಿಯ ಮೇಲೆ ಒಂದು ಕಾಲೂರಿ ನಿಂತು ಕಿವಿಗೊಡುವುದು ಅವರ ಪದ್ಧತಿ. ಗದ್ದಲ ಕೇಳಿಸಿದರೆ ಶಾಲೆ ಇದೆ. ಹುಣಸೆಪಾಳ್ಯದ ಏರಿಯ ಮೇಲೆ ನಿಂತರು. ಗಾಳಿ ಬೀಸುವುದು ಕೇಳಿಸಿತು. ಒಂದು ಕೊಕ್ಕರೆ ಕೂಗಿತು. ಶಾಲೆ ಮುಚ್ಚಿದೆ ಎಂದು ಬರೆದುಕೊಂಡು, ಸೈಕಲ್ ತಿರುಗಿಸಿ ಹೊರಟುಹೋದರು. ಆ ಹೊತ್ತಿಗೆ ಕೆಳಗಡೆ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಒಂದು ಹೊಂಗೆಕಾಯಿಯ ತೂಕ ಎಷ್ಟು ಹುಣಸೆಬೀಜ ಎಂದು ನೋಡುತ್ತಿದ್ದರು.

ಶನಿವಾರ ಮರುಳಸಿದ್ದಪ್ಪನವರು ಹೇಳಿಕಳಿಸಿದರು. ಗುರುವಾರ ಮತ್ತೆ ಬರುತ್ತೇನೆ, ಆಗಲೂ ಪಾಠ ನಡೆಯದೆ ಇದ್ದರೆ ಕೆಲಸದಿಂದ ತೆಗೆಯಿರಿ ಎಂದು ಮೇಲಕ್ಕೆ ಬರೆಯುತ್ತೇನೆ ಎಂದು.

"ಒಂದೇ ಒಂದಿನ ಕೂಗ್ಬಿಡಿ ಮೇಷ್ಟ್ರೇ," ಎಂದರು ಚಿಕ್ಕಬೈರಪ್ಪನವರು. ಅವರಿಗೂ ಮೇಷ್ಟ್ರು ಹೋಗುವುದು ಬೇಕಿರಲಿಲ್ಲ. "ಒಂದಿನಕ್ಕೆ ಏನಾಯ್ತದೆ?"

ಒಂದು ದಿನಕ್ಕೆ ಏನಾಗುತ್ತದೆ ಎನ್ನುವುದು ಡಾಕ್ಟರು ಹೇಳಿರಲಿಲ್ಲ. ಭಾನುವಾರ ಗಂಗಾಧರಯ್ಯ ಜಯನಗರಕ್ಕೆ ಸೈಕಲ್ ತುಳಿದು ವಾರಿಜಾ ಅವರಿಗೆ ಎಲ್ಲ ಹೇಳಿದರು. ಅವರು ಎದ್ದು ನಿಂತರು.

"ಊರವ್ರಿಗೆ ಅರ್ಥವಾಗಿಲ್ಲ, ಅಷ್ಟೆ! ಅವ್ರು ಶಾಲೆ ನಡೀತಿದೆ ಅಂದ್ರೆ ಇನ್ಸ್‌ಪೆಕ್ಟರ್ ಏನ್ ಮಾಡ್ತಾರೆ? ನಾಳೆ ನಾನೇ ಬಂದು ತಿಳಿಸಿ ಹೇಳ್ತೀನಿ!"

"ಜಾಸ್ತಿ ಕೂಗ್ಬೇಡ," ಎಂದರು ಸೇತುರಾಮ. ಮೇಷ್ಟ್ರು ಅವರ ಬಾಯಿಂದ ಕೇಳಿದ ಮೊದಲ ಮಾತು ಅದು.

ಸೋಮವಾರ ಸಂಜೆ ಅರಳಿಕಟ್ಟೆಯ ಮುಂದೆ ಊರು ಸೇರಿತು. ಗಂಡಸರು ಕಟ್ಟೆಯ ಸುತ್ತ, ಹೆಂಗಸರು ದೂರದಲ್ಲಿ ಬೇಲಿಯ ಪಕ್ಕ. ವಾರಿಜಾ ಕಟ್ಟೆಯ ಮೇಲೆ ನಿಂತು, ಬಾಯಿಪಾಠ ಬೇರೆ ಕಲಿಕೆ ಬೇರೆ ಎಂದು ವಿವರಿಸಿದರು. ಮಗು ಹೂವಿನ ಹಾಗೆ, ಅದರ ಮೇಲೆ ಕೂಗಿದರೆ ಬಾಡುತ್ತದೆ ಎಂದರು. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. ಅಷ್ಟು ಗಮನವಿಟ್ಟು ಹುಣಸೆಪಾಳ್ಯ ಯಾವ ಭಾಷಣವನ್ನೂ ಕೇಳಿರಲಿಲ್ಲ. ಮುಗಿದ ಮೇಲೆ ಬೈರಣ್ಣ ನಿಟ್ಟುಸಿರುಬಿಟ್ಟ.

"ಪಟೇಲ್ರೇ, ಈ ಯಮ್ಮನ್ನೇ ಮೇಷ್ಟ್ರು ಮಾಡ್ಕಂಡ್ರೆ ಎಂಗೆ?"

ಗಂಡಸರೆಲ್ಲ ತಲೆದೂಗಿದರು. ಚಿಕ್ಕಬೈರಪ್ಪನವರು ಕೈಮುಗಿದು ಮುಂದೆ ಬಂದರು.

"ಅಮ್ಮಾ, ತಾವು ದಿನಾ ಬರಾಕಾಯ್ತದಾ? ಒತ್ತಾರೆ ಒಂದ್ಸಲ, ಮಧ್ಯಾನ ಒಂದ್ಸಲ, ಸಾಯಂಕಾಲ ಒಂದ್ಸಲ ಕೂಗಿದ್ರೆ ಸಾಕು. ಮಧ್ಯ ಬೇಕಾದ್ರೆ ನಮ್ಮ್ ಮೇಷ್ಟ್ರು ಸುಮ್ನೆ ಪಾಠ ಮಾಡ್ಕಳ್ಲಿ."

ವಾರಿಜಾ ಕಟ್ಟೆಯಿಂದ ಇಳಿದು ಮೇಷ್ಟ್ರ ಕಡೆ ನೋಡಿದರು.

ಆಗ ಬೇಲಿಯ ಕಡೆಯಿಂದ ಸೊಣ್ಣಮ್ಮ ಮಾತಾಡಿದಳು. ಊರಲ್ಲಿ ಯಾರ ಹೊಲದಲ್ಲಿ ಕಳೆ ಕೀಳುವುದಿದ್ದರೂ ಹೆಣ್ಣಾಳುಗಳ ಸಾಲಿಗೆ ಮುಂದಾಳು ಅವಳೇ. ಸಾಲಿನಲ್ಲಿ ಅವಳು ಹಾಡೆತ್ತಿದರೆ ಉಳಿದವರು ಹಿಂದಿನಿಂದ ಎತ್ತಿಕೊಳ್ಳಬೇಕು. ಕಳೆ ಕೀಳುವ ಕುರ್ಚಿಗೆ ಎಂಬ ಸಣ್ಣ ಹಿಡಿಗತ್ತಿ ಇನ್ನೂ ಅವಳ ಕೈಯಲ್ಲೇ ಇತ್ತು.

"ಅದೆಲ್ಲ ಇರ್ಲಿ ಮೇಷ್ಟ್ರೇ, ನಮ್ಮ ಹದಿಮೂರು ಏನಾಯ್ತು?"

"ಯಾವ ಹದಿಮೂರಮ್ಮ?"

"ಹದ್‌ಮೂರ್ ಐದ್ಲೆ ಅರವತ್ತೈದು. ಅಲ್ಗಂಟ ಹೇಳಿ ಬೇಸ್ಗೆ ರಜ ಅಂತ ಹೋದ್ರಿ. ಬಂದೋರು ಬಾಯೇ ಬಿಡ್ನಿಲ್ಲ. ಆರ್ಲೆ ಎಷ್ಟು?"

ಯಾರೋ ನಕ್ಕರು. ಸೊಣ್ಣಮ್ಮ ತಿರುಗಿ ನೋಡಿದಳು. ನಕ್ಕವರು ನಿಲ್ಲಿಸಿದರು.

ಶಾಲೆಗೆ ನಾಲ್ಕನೇ ಕ್ಲಾಸು ಬಂದದ್ದು ಹೋದ ವರ್ಷ. ಅಲ್ಲಿಯವರೆಗೆ ಮಗ್ಗಿ ಹನ್ನೆರಡಕ್ಕೆ ನಿಲ್ಲುತ್ತಿತ್ತು. ಹದಿಮೂರನ್ನು ಮೊದಲ ಸಲ ಎತ್ತಿಕೊಂಡದ್ದು ರಜಕ್ಕೆ ಎರಡು ವಾರದ ಮುಂಚೆ. ಗಂಗಾಧರಯ್ಯನವರಿಗೆ ಎಲ್ಲ ನೆನಪಿತ್ತು. ನೆನಪಿಲ್ಲದ್ದು ಒಂದೇ, ಇದನ್ನೆಲ್ಲ ಹೊರಗಿನವರಿಗೆ ಹೇಳಿಕೊಟ್ಟದ್ದು.

"ಸೊಣ್ಣಮ್ಮ, ನಿಂಗೆ ಹನ್ನೆರಡರವರೆಗೂ ಬರುತ್ತಾ?"

"ನಂಗೊಬ್ಳಿಗಾ? ನಮ್ ಸಾಲಿಗೆಲ್ಲ ಬರ್ತದೆ. ಇಷ್ಟ್ ವರ್ಷ ಕಿವಿ ಮೇಲೇ ಕೂಗಿದ್ರಲ್ಲ, ಬರ್ದೆ ಏನ್ ಮಾಡ್ತದೆ?"

"ಹದಿಮೂರು ಇಟ್ಕೊಂಡು ಏನ್ ಮಾಡ್ತೀಯಮ್ಮ?" ಎಂದು ವಾರಿಜಾ ಕೇಳಿದರು. ಅವರ ಸ್ವರ ಮೂರನೇ ಸಾಲಿನಿಂದ ಆಚೆ ಹೋಗಲಿಲ್ಲ.

ಸೊಣ್ಣಮ್ಮ ಅವರನ್ನು ಒಂದು ಥರ ನೋಡಿದಳು. "ಹನ್ನೆರಡು ಬಂದ್ಮೇಲೆ ಹದಿಮೂರು ಬ್ಯಾಡ್ವಾ?"

ಸಭೆ ಅಲ್ಲಿಗೆ ಮುಗಿಯಿತು. ವಾರಿಜಾ ಜಟಕಾ ಹತ್ತುವಾಗ ಗಂಗಾಧರಯ್ಯನವರ ಕಡೆ ಬಗ್ಗಿ ಹೇಳಿದರು. "ನಾನು ಶಾಲೆಯ ಒಳಗೆ ಮಾತ್ರ ನೋಡ್ದೆ ಗಂಗಾಧರಯ್ಯನವರೇ. ಗೋಡೆ ಆಚೆನೂ ಒಂದು ಕ್ಲಾಸ್ ಇತ್ತು ಅಂತ ನಂಗೆ ಹೊಳೀಲೇ ಇಲ್ಲ."

ಗುರುವಾರದ ವಿಷಯ ಇಬ್ಬರೂ ಎತ್ತಲಿಲ್ಲ.

ಮಂಗಳವಾರ ಬೆಳಿಗ್ಗೆ ಹೊಲಕ್ಕೆ ಹೋಗುವ ಹೆಂಗಸರು ಶಾಲೆಯ ಮುಂದೆ ಹಾದುಹೋಗುವಾಗ ಸೊಣ್ಣಮ್ಮ ಸಾಲು ಬಿಟ್ಟು ಕಿಟಕಿಗೆ ಬಂದಳು. ಏನೂ ಕೇಳಲಿಲ್ಲ, ಕಿವಿಯನ್ನು ಸರಳಿನ ಮಧ್ಯೆ ಇಟ್ಟು ನಿಂತಳು. ಗಂಗಾಧರಯ್ಯ ಬಗ್ಗಿ ಪಿಸುಗುಟ್ಟಿದರು.

"ಹದಿಮೂರ್ ಆರ್ಲೆ ಎಪ್ಪತ್ತೆಂಟು. ಹದಿಮೂರ್ ಏಳ್ಲೆ..."

"ಸಾಕು ಸಾಕು. ದಿನಕ್ಕೊಂದು. ಕಳೆ ಕೀಳೋಗಂಟ ಬಾಯಲ್ಲಿ ಅರೀಬೇಕಲ್ಲ."

ಬುಧವಾರ ಏಳ್ಲೆ ತೊಂಬತ್ತೊಂದು ತೆಗೆದುಕೊಂಡು ಹೋದಳು. ಆ ಎರಡು ದಿನದ ಹೊಲ ದೂರ, ಅಲ್ಲಿ ಅವಳು ಏನು ಮಾಡುತ್ತಾಳೆಂದು ಗಂಗಾಧರಯ್ಯನವರು ಯೋಚಿಸಲಿಲ್ಲ. ಅವರ ತಲೆಯ ತುಂಬ ಗುರುವಾರವೇ ಇತ್ತು. ಕೂಗುವುದೆಂದು ತೀರ್ಮಾನಿಸಿದ್ದರು. ಲಕ್ಷ್ಮಿದೇವಮ್ಮ ಬುಧವಾರ ಸಂಜೆಯಿಂದಲೇ ಜ್ಯೇಷ್ಠಮಧು ಕಷಾಯ ಕೊಡತೊಡಗಿದರು.

"ಕೂಗ್ಬೇಡೀಂದ್ರೆ," ಎಂದರು ಕೊಡುತ್ತಲೇ.

"ಕೂಗ್ದೇ ಇದ್ರೆ ಈ ಮನೆ ಖಾಲಿ ಮಾಡ್ಬೇಕು ಕಣೇ."

"ಮಾಡಣ. ಟ್ರಂಕು ಒಂದೇ ತಾನೇ?"

ಗುರುವಾರ ಬೆಳಿಗ್ಗೆ ಸೊಣ್ಣಮ್ಮ ಎಂಟ್ಲೆ ನೂರನಾಕು ತೆಗೆದುಕೊಂಡು, ಅವತ್ತು ಕಳೆ ಕೀಳಬೇಕಿದ್ದ ಕೆರೆಯಾಚೆಯ ಹೊಲಕ್ಕೆ ಹೋದಳು. ಮಕ್ಕಳು ಗುಂಪು ಮಾಡಿಕೊಂಡು ಕೂತರು. ಬಿಸಿಲು ಏರಿತು. ಏರಿಯ ತುದಿಯಲ್ಲಿ ಸೈಕಲ್ ಕಂಡಿತು. ಗಂಗಾಧರಯ್ಯ ಬಾಗಿಲಿಗೆ ಬಂದು, ಎದೆ ತುಂಬ ಉಸಿರೆಳೆದುಕೊಂಡು, ಎರಡರ ಮಗ್ಗಿಗೆ ಬಾಯಿ ತೆರೆದರು. ಕಮ್ಮಾರನ ತಿದಿ ಒತ್ತಿದ ಹಾಗೆ ಬುಸ್ ಎಂದು ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದರು. ಇನ್ನೂ ಸ್ವಲ್ಪ ಗಾಳಿ ಬಂತು. ಮಕ್ಕಳು ತಲೆಯೆತ್ತಿ ನೋಡಿದರು. ಅವರು ಅಭ್ಯಾಸಬಲದಿಂದ ಬಲಗೈ ಎತ್ತಿದರು. ಮಕ್ಕಳು ಮತ್ತೆ ತಲೆ ತಗ್ಗಿಸಿದರು.

ಏರಿಯ ಮೇಲೆ ಮರುಳಸಿದ್ದಪ್ಪನವರು ಒಂದು ಕಾಲೂರಿ ಕಿವಿಗೊಟ್ಟು ನಿಂತರು.

ಆಗ ಕೆರೆಯ ಆಚೆಯ ರಾಗಿ ಹೊಲದಿಂದ ಸದ್ದು ಬಂತು.

"ಹದ್‌ಮೂರ್ ಒಂದ್ಲೆ ಹದ್‌ಮೂರೂ..."

ಒಂದು ಸ್ವರ ಎತ್ತಿತು, ಇಪ್ಪತ್ತು ಸ್ವರ ಹಿಂದಿನಿಂದ ಎಳೆದುಕೊಂಡವು. ಕಳೆ ಕೀಳುವಾಗಿನ ಹಾಡಿನದೇ ಧಾಟಿ, ಅದೇ ಎಳೆತ. ಹದ್‌ಮೂರ್ ಎರಡ್ಲೆ ಇಪ್ಪತ್ತಾರೂ. ಊರೊಳಗೆ ಯಾರೋ ಒಲೆ ಊದುವ ಸದ್ದಾಯಿತು. ಇನ್ಸ್‌ಪೆಕ್ಟರು ಸೈಕಲ್ಲನ್ನು ಶಾಲೆಯ ಕಡೆ ತಿರುಗಿಸದೆ, ಹೊಲದ ಕಡೆ ತಿರುಗಿಸಿದರು. ಗದ್ದಲ ಇರುವ ಕಡೆ ಶಾಲೆ. ಇಪ್ಪತ್ತು ವರ್ಷದ ಪದ್ಧತಿ.

ಅಲ್ಲಿ ನಡೆದದ್ದನ್ನು ಪಕ್ಕದ ಹೊಲದಲ್ಲಿದ್ದ ಬೈರಣ್ಣ ಆಮೇಲೆ ಊರಿಗೆಲ್ಲ ಹೇಳಿದ. ಇನ್ಸ್‌ಪೆಕ್ಟರು ಬದುವಿನ ಮೇಲೆ ನಿಂತು, ಬಗ್ಗಿದ ಬೆನ್ನುಗಳ ಸಾಲನ್ನು ನೋಡಿ, ಎಂಟ್ಲೆ ನೂರನಾಕೂ ಎನ್ನುವವರೆಗೆ ಕೇಳಿದರು. ಸಾಲು ಅಲ್ಲಿಗೆ ನಿಂತು ಮತ್ತೆ ಒಂದ್ಲೆಯಿಂದ ಶುರುಮಾಡಿತು.

"ಏಯ್, ಒಂಬತ್ಲೆ?" ಎಂದು ಇನ್ಸ್‌ಪೆಕ್ಟರು ಕೂಗಿದರು.

ಸೊಣ್ಣಮ್ಮ ಸೊಂಟ ನೆಟ್ಟಗೆ ಮಾಡಿದಳು. "ಅದು ನಾಳೆ ಸಾಮಿ."

"ನಾಳೆ ಯಾಕೆ?"

"ಮೇಷ್ಟ್ರು ದಿನಕ್ಕೊಂದೇ ಹೇಳ್ಕೊಡೋದು. ನಾಳೀಕ್ ಬನ್ನಿ."

"ಯಾವ ಮೇಷ್ಟ್ರು?"

"ಇರೋದೊಬ್ರೇ ಅಲ್ವಾ? ಇಸ್ಕೂಲ್‌ನಾಗವ್ರೆ, ನೋಡೋಗಿ. ಮೆತ್ತುಗ್ ಹೋಗಿ, ಐಕ್ಳು ಕೆಲ್ಸ ಮಾಡ್ತಿರ್ತವೆ."

ಮರುಳಸಿದ್ದಪ್ಪನವರು ಮಂಡಿಯವರೆಗೆ ಕೆಸರು ಮಾಡಿಕೊಂಡು ಶಾಲೆಯ ಬಾಗಿಲಿಗೆ ಬಂದರು. ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟರು. ಒಳಗೆ ಒಂದು ಗುಂಪು ದಾರದಲ್ಲಿ ಕಂಬ ಅಳೆಯುತ್ತಿತ್ತು, ಒಂದು ಗುಂಪು ಚಿಪ್ಪಿನ ತಕ್ಕಡಿಗೆ ಬೀಜ ಹಾಕುತ್ತಿತ್ತು. ಬೈರಣ್ಣನ ಮಗಳು ತಲೆಯೆತ್ತಿ, ಇನ್ಸ್‌ಪೆಕ್ಟರನ್ನು ನೋಡಿ, ತುಟಿಯ ಮೇಲೆ ಬೆರಳಿಟ್ಟಳು. ತೂಕ ಇನ್ನೂ ಸಮ ಆಗಿರಲಿಲ್ಲ.

"ಗಂಗಾಧರಯ್ಯ," ಎಂದು ಇನ್ಸ್‌ಪೆಕ್ಟರು ಪಿಸುಗುಟ್ಟಿದರು. ಯಾಕೆ ಪಿಸುಗುಟ್ಟಿದೆ ಎಂದು ಅವರಿಗೇ ತಿಳಿಯಲಿಲ್ಲ. "ಹೊಲದಲ್ಲಿರೋದು ಎಷ್ಟನೇ ಕ್ಲಾಸು?"

ಗಂಗಾಧರಯ್ಯನವರು ಯೋಚಿಸಿದರು. "ನಾಲ್ಕನೇದು ಸಾರ್. ಹದಿಮೂರಕ್ಕೆ ಬಂದಿದಾರೆ."

"ಹಾಜರಿ?"

"ಕಳೆ ಇರೋವರೆಗೂ ಪೂರ್ತಿ ಸಾರ್."

ಇನ್ಸ್‌ಪೆಕ್ಟರು ಒಂದು ಮೂಲೆಯಲ್ಲಿ ಕೂತು ಊಟದ ಹೊತ್ತಿನವರೆಗೂ ನೋಡಿದರು. ಹೋಗುವಾಗ ತಪಾಸಣೆಯ ಪುಸ್ತಕದಲ್ಲಿ ಬರೆದರು: 'ಪಾಠ ನಡೆಯುತ್ತಿದೆ. ಸಾಲದ್ದಕ್ಕೆ ಹೊರಗೂ ನಡೆಯುತ್ತಿದೆ.' ಇದು ಹೊಗಳಿಕೆಯೋ ಆಕ್ಷೇಪವೋ ಎಂದು ಮೇಲಿನವರಿಗೂ ಗೊತ್ತಾಗಲಿಲ್ಲವೇನೋ, ಆಮೇಲೆ ಯಾರೂ ಏನೂ ಕೇಳಲಿಲ್ಲ. ಗಂಗಾಧರಯ್ಯನವರ ಟ್ರಂಕು ಇದ್ದಲ್ಲೇ ಇತ್ತು.

ಊರಿಗೆ ಹೊತ್ತು ವಾಪಸ್ ಬಂತು. ಕಳೆಯ ಕಾಲ ಮುಗಿದ ಮೇಲೆ ಕೊಯ್ಲಿನಲ್ಲಿ, ಕೊಯ್ಲು ಮುಗಿದ ಮೇಲೆ ಕಣದಲ್ಲಿ, ಸೊಣ್ಣಮ್ಮನ ಸಾಲು ಮಗ್ಗಿ ಎತ್ತುತ್ತಿತ್ತು. ಮುದ್ದೆ ಸರಿಯಾದ ಹೊತ್ತಿಗೆ ಬಂತು. ಬೈರಣ್ಣನಿಗೂ ಹೆಂಡತಿಗೂ ಹೊಲದಲ್ಲೇ ಭೇಟಿಯಾಗತೊಡಗಿತು.

ಮುಂದಿನ ಬೇಸಿಗೆ ವಾರಿಜಾ ಅವರು ಗಂಗಾಧರಯ್ಯನವರನ್ನು ಕಲಿಯಲು ಕರೆಯಲಿಲ್ಲ, ಕಲಿಸಲು ಕರೆದರು. ಕಾರಿಲ್ಲದ ಕಾರ್ ಶೆಡ್ಡಿನಲ್ಲಿ ಅವರು ಪಿಸುಮಾತಿನಲ್ಲಿ ಪಾಠ ಹೇಳಿದರೆ ಮೇಷ್ಟ್ರುಗಳೆಲ್ಲ ಮುಂದಕ್ಕೆ ಬಗ್ಗಿ ಕೂರುತ್ತಿದ್ದರು. ಹಿಂದಿನಿಂದ ವಾರಿಜಾ "ಕೇಳಿಸ್ತಾ ಇಲ್ಲ!" ಎಂದರೆ, ಎಲ್ಲರೂ ತಿರುಗಿ "ಶ್" ಎನ್ನುತ್ತಿದ್ದರು. ಆ ಬೇಸಿಗೆ ತರಬೇತಿಯಲ್ಲಿ ಒಂದು ಹೊಸ ಪಾಠ ಸೇರಿತು. ಹೊಸ ರೀತಿ ಶುರುಮಾಡುವ ಮುಂಚೆ ಮೇಷ್ಟ್ರು ಶಾಲೆಯ ಹೊರಗೆ ಒಂದು ಸುತ್ತು ಬಂದು, ಯಾರು ಯಾರು ಕಿವಿಗೊಟ್ಟಿದ್ದಾರೆ ಎಂದು ನೋಡಿಕೊಂಡು ಬರಬೇಕು.

ಅದೇ ಬೇಸಿಗೆ ಡಾಕ್ಟರು ಮತ್ತೆ ನಾಲಿಗೆ ಹಿಡಿದೆಳೆದು, ಕನ್ನಡಿ ಇಟ್ಟು ನೋಡಿದರು.

"ಗಂಟು ಕರಗಿದೆ. ವಾಸಿಯಾಗಿದೀರ. ಇನ್ಮೇಲೆ ಬೇಕಾದ್ರೆ ಕೂಗಿ."

ಗಂಗಾಧರಯ್ಯ ನಮಸ್ಕಾರ ಮಾಡಿ, ಸೈಕಲ್ ಹತ್ತಿ ಊರಿಗೆ ಬಂದರು. ಆ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಜೂನಿನಲ್ಲಿ ಶಾಲೆ ತೆಗೆದಾಗ ಬಲಗೈ ಎತ್ತಿ ನಿಂತರು. ಸೊಣ್ಣಮ್ಮ ಕಿಟಕಿಗೆ ಬಂದಾಗ ಹದಿನಾರರ ಮಗ್ಗಿಯನ್ನು ಪಿಸುಗುಟ್ಟಿದರು.

ಅರವತ್ತೆಂಟನೇ ಇಸವಿಯಲ್ಲಿ, ರಿಟೈರ್ ಆಗುವ ವರ್ಷ, ಒಂದು ಸಲ ಮಾತ್ರ ಬಾಯಿ ತಪ್ಪಿತು. ಒಂದು ಕರು ಹಗ್ಗ ಕಿತ್ತುಕೊಂಡು ಸೊಣ್ಣಮ್ಮನ ಸಾಲು ಆಗತಾನೇ ಕಳೆ ತೆಗೆದ ರಾಗಿಗೆ ನುಗ್ಗಿತು. ಶಾಲೆಯ ಬಾಗಿಲಲ್ಲಿ ನಿಂತಿದ್ದ ಗಂಗಾಧರಯ್ಯನವರ ಬಾಯಿಂದ ಕೆರೆಯ ಆಚೆ ದಡದವರೆಗೂ ಹೋಗುವಂಥ ಒಂದು "ಹೊಯ್!" ಹೊರಬಿತ್ತು. ಕರು ನಿಂತಿತು. ಹೆಂಗಸರ ಸಾಲು ನಿಂತಿತು. ಒಳಗೆ ಮಕ್ಕಳ ತಕ್ಕಡಿಯೂ ನಿಂತಿತು. ಲಕ್ಷ್ಮಿದೇವಮ್ಮ ಉಪ್ಪಿನ ಬಟ್ಟಲು ಹಿಡಿದುಕೊಂಡು ಮನೆಯಿಂದ ಹೊರಗೆ ಬಂದು, ಗಂಡನ ಮುಖ ನೋಡಿ ಒಳಗೆ ಹೋದರು.

ಅರಳಿಕಟ್ಟೆಯಿಂದ ಚಿಕ್ಕಬೈರಪ್ಪನವರು ಕೋಲೂರಿಕೊಂಡು ಓಡೋಡಿ ಬಂದರು.

"ಯಾರ್ರೀ ಮೇಷ್ಟ್ರೇ ಅದು, ಆ ಪಾಟಿ ಕೂಗಿದ್ದು?"

ಗಂಗಾಧರಯ್ಯ ಕತ್ತಿಗೆ ಟವೆಲ್ ಸುತ್ತಿಕೊಂಡರು.

"ಗೊತ್ತಿಲ್ಲ ಪಟೇಲ್ರೇ," ಎಂದು ಪಿಸುಗುಟ್ಟಿದರು.